ಮೈಕಿನ ಸುಲ್ತಾನಾ

ಸುಲ್ತಾನಾ ಬಾಗವಾನ ಎಂಬ ಹೆಣ್ಣುಮಗಳ ಮುಖವನ್ನು ಯಾರೂ ನೋಡುವ ಮೊದಲೇ ಆಕೆಯ ದನಿ ನಮ್ಮ ನಾಲ್ಕೂ ತಾಲ್ಲೂಕಿನ ಮನೆಮನೆಗೆ ಹೋಗಿ ಬಂದಿತ್ತು. ಇಂಡಿಯಲ್ಲಿ ನಮ್ಮ ಓಣಿಯ ತಿರುವಿನಲ್ಲಿ ಹಾರ್ನ್ ಕಟ್ಟಿದ ಆಟೋ ಬಂದು ನಿಂತು, “ಮಹಾಜನರಲ್ಲಿ ಒಂದು ವಿನಂತಿ” ಎಂದು ಆ ದನಿ ಶುರುವಾದರೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿ ಕೇಳುತ್ತಿದ್ದಳು. ನಾಳೆ ನಳದ ನೀರು ಬರುವುದಿಲ್ಲ, ಕೂಸುಗಳಿಗೆ ಪೋಲಿಯೊ ಹನಿ ಹಾಕಿಸಿರಿ, ಮಠದಲ್ಲಿ ಇಂದಿನಿಂದ ಪುರಾಣ, ದರ್ಗಾದಲ್ಲಿ ಉರುಸು, ಸೀರೆಗಳ ರಿಯಾಯಿತಿ ಮಾರಾಟ, ಇಂಥವರು ಲಿಂಗೈಕ್ಯರಾದರು, ಇಂಥವರು ನಿಧನ ಹೊಂದಿದರು. ಎಲ್ಲದಕ್ಕೂ ಅದೇ ದನಿ. ಸಾವಿನ ಸುದ್ದಿ ಇದ್ದರೆ ಮಾತ್ರ ಹೆಸರು ಹೇಳುವ ಮುಂಚೆ ಆಕೆ ಒಂದು ಉಸಿರು ತಡೆಯುತ್ತಿದ್ದಳು. ಆ ತಡೆಯಲ್ಲಿ ಓಣಿಯ ಜನ ಬಾಗಿಲಿಗೆ ಬಂದುಬಿಡುತ್ತಿದ್ದರು.

ಇದು ಧಾರವಾಡದ ರೇಡಿಯೋದಾಕೆಯ ದನಿ ಎಂದು ಕೆಲವರ ನಂಬಿಕೆ. ಅಲ್ಲ, ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಓದಿಸಿಕೊಂಡು ಬರುತ್ತಾರೆ ಎಂದು ನಮ್ಮ ಪಕ್ಕದ ಮನೆಯವರ ವಾದ. ನಿಜವಾಗಿ ಆಕೆ ಇದ್ದದ್ದು ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ, ಗಜಲಕ್ಷ್ಮಿ ಸೌಂಡ್ ಸರ್ವಿಸ್ ಎಂಬ ಅಂಗಡಿಯ ಒಳಕೋಣೆಯಲ್ಲಿ. ಗೋಡೆಗೆ ಹಳೆಯ ಕೌದಿಗಳನ್ನು ಮೊಳೆ ಹೊಡೆದು ತೂಗುಹಾಕಿದ್ದರು, ಹೊರಗಿನ ಬಸ್ಸಿನ ಸದ್ದು ಒಳಗೆ ಬರಬಾರದೆಂದು. ಅದೇ ಅವರ ಸ್ಟುಡಿಯೋ.

ಅಂಗಡಿ ಶ್ರೀಶೈಲಪ್ಪನವರದು. ಮದುವೆ, ಸಭೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಲಿಂಗಾಯತರ ಮನೆತನ. ಹರೆಯದಲ್ಲಿ ಅವರು ಒಂದು ದಿನ ಸಂತೆಗೆ ಹೋದಾಗ ಬಾಳೆಹಣ್ಣು ಮಾರುವ ಒಬ್ಬ ಹುಡುಗ ಕೂಗುವುದನ್ನು ಕೇಳಿ ನಿಂತರಂತೆ. ಸಂತೆಯ ಆ ಗದ್ದಲದ ಮೇಲೆ ಅವನ ದನಿ ಎಣ್ಣೆಯ ಹಾಗೆ ತೇಲುತ್ತಿತ್ತು. “ಹಣ್ಣು ಮಾರಿ ಈ ದನಿ ಯಾಕ ಕೆಡಸ್ತಿಯೋ, ನನ್ನ ಸಂಗಾಟ ಬಾ” ಎಂದು ಕರೆದುಕೊಂಡು ಬಂದರು. ಅವರೇ ಇಬ್ರಾಹಿಂಸಾಬ, ಸುಲ್ತಾನಾಳ ತಂದೆ. ಮಷಿನ್ನು ಶ್ರೀಶೈಲಪ್ಪನವರದು, ಗಂಟಲು ಇಬ್ರಾಹಿಂಸಾಬರದು. ಮೊದಲು ಟಾಂಗಾ, ಆಮೇಲೆ ಆಟೋ. ಇಬ್ಬರೂ ಕೂಡಿ ಊರೂರು ತಿರುಗಿದರು. ಯಾವುದೋ ಹಳೆಯ ಚುನಾವಣೆಯಲ್ಲಿ ಒಬ್ಬ ಉಮೇದುವಾರ ತನ್ನ ಎದುರಾಳಿಯ ಜಾತಿ ಎತ್ತಿ ಬೈಯುವ ಮಾತು ಬರೆದುಕೊಟ್ಟಾಗ ಇಬ್ರಾಹಿಂಸಾಬರು ನಡುಬಜಾರಿನಲ್ಲೇ ಮೈಕ್ ಬಂದ್ ಮಾಡಿ ಆಟೋ ತಿರುಗಿಸಿಕೊಂಡು ಬಂದಿದ್ದರು. “ಮಂದಿ ಸುದ್ದಿ ಹೇಳಾಕ ಹೊಂಟೇವಿ, ಬಯ್ಯಾಕ ಅಲ್ಲ” ಎಂದಷ್ಟೇ ಅಂದರಂತೆ.

ಸುಲ್ತಾನಾ ಕನ್ನಡ ಶಾಲೆಗೆ ಹೋದ ಹುಡುಗಿ. ಪಾಠ ಗಟ್ಟಿಯಾಗಿ ಓದುವುದೆಂದರೆ ಆಕೆಗೆ ಆಟ ಇದ್ದಹಾಗೆ. ಪಿಯುಸಿಯಲ್ಲಿದ್ದಾಗ ಇಬ್ರಾಹಿಂಸಾಬರ ಗಂಟಲು ಬಾತು ದನಿ ಪೂರಾ ಕುಳಿತುಬಿಟ್ಟಿತು. ಮರುದಿನವೇ ಮಠದಲ್ಲಿ ಪುರಾಣದ ಆರಂಭ, ಹಳ್ಳಿಗಳಿಗೆಲ್ಲ ಸುದ್ದಿ ಮುಟ್ಟಿಸಬೇಕು. ಶ್ರೀಶೈಲಪ್ಪನವರು ಮನೆಗೆ ಬಂದು, “ಸುಲ್ತಾನಾ ಓದ್ಲಿ. ಕ್ಯಾಸೆಟ್ಟಿಗೆ ತುಂಬ್ಕೊಂಡು ಹೋಗ್ತೇನಿ” ಎಂದರು. ಇಬ್ರಾಹಿಂಸಾಬರು ಹಿಂದೆ ಮುಂದೆ ನೋಡಿದರು. ಮನೆಯ ಹೆಣ್ಣುಮಗಳ ದನಿ ಬೀದಿಯಲ್ಲಿ ಕೇಳಿದರೆ ಜಮಾತಿನವರು ಏನೆಂದಾರು ಎಂದು ಅವರ ಅಂಜಿಕೆ. ಅಷ್ಟರಲ್ಲಿ ಒಳಗಿನಿಂದ ತಾಯಿ ಅಬಿದಾ, “ಕ್ಯಾಸೆಟ್ಟಿನ್ಯಾಗ ದನಿ ಹೋಗ್ತೈತಿ, ಹುಡುಗಿ ಹೋಗಂಗಿಲ್ಲ. ಓದ್ಲಿ ಬಿಡ್ರಿ” ಎಂದರು. ಹಾಗೆ ಸುಲ್ತಾನಾ ಓದಿದಳು. ಆ ವರ್ಷ ಪುರಾಣಕ್ಕೆ ಬಂದ ಜನ ಮಠದ ಅಂಗಳದಲ್ಲಿ ಹಿಡಿಸಲಿಲ್ಲ. ಆ ದನಿ ಯಾರದೆಂದು ಸ್ವಾಮಿಗಳು ಕೇಳಿದಾಗ ಶ್ರೀಶೈಲಪ್ಪನವರು, “ನಮ್ಮ ಮನಿ ಮಗಳರಿ” ಎಂದರು.

ತಂದೆಯ ಗಂಟಲು ಮತ್ತೆ ಮೊದಲಿನ ಹಾಗೆ ಆಗಲೇ ಇಲ್ಲ. ಸುಲ್ತಾನಾ ಸುದ್ದಿ ಓದುವುದು ಮುಂದುವರಿಯಿತು. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಪೆನ್‌ಡ್ರೈವ್ ಬಂತು. ಮುದ್ದೇಬಿಹಾಳದ ಹುಡುಗನೊಂದಿಗೆ ಮದುವೆಯಾಯಿತು. ಅವನು ಸಿಂದಗಿಯ ಬಸ್ ಡಿಪೋದಲ್ಲೇ ಮೆಕ್ಯಾನಿಕ್, ಹೆಂಡತಿಯ ಕೆಲಸದ ಬಗ್ಗೆ ಒಳಗೊಳಗೇ ಹೆಮ್ಮೆಪಡುವ ಸಾದಾ ಮನುಷ್ಯ. ಮುದ್ದೇಬಿಹಾಳಕ್ಕೂ ಬಸವನ ಬಾಗೇವಾಡಿಗೂ ಪೆನ್‌ಡ್ರೈವ್ ಹೋಗತೊಡಗಿದ್ದು ಅವನ ಮೂಲಕವೇ, ಅಲ್ಲಿನ ಬಸ್ಸುಗಳ ಡ್ರೈವರುಗಳ ಕೈಯಲ್ಲಿ. ಇಬ್ರಾಹಿಂಸಾಬರು ತೀರಿಕೊಂಡಾಗ ಅವರ ಸುದ್ದಿಯನ್ನು ಸುಲ್ತಾನಾಳೇ ಓದಿದಳು. ಅತ್ತು ಮುಗಿಸಿ, ಮುಖ ತೊಳೆದುಕೊಂಡು ಬಂದು, ಒಂದೇ ಸಲಕ್ಕೆ.

ಆಕೆಗೆ ಮೊದಲ ಅಡ್ಡಿ ಬಂದದ್ದು ತನ್ನವರಿಂದಲೇ. ಗುಡುಸಾಬ ಎಂಬ ಗುತ್ತಿಗೆದಾರರು ಸೈಟು ಮಾರಿ ಗಟ್ಟಿಯಾಗಿದ್ದರು. ಪುರಸಭೆಗೆ ನಿಲ್ಲುವ ಆಸೆ ಹುಟ್ಟಿತು. ಹುಟ್ಟಿದ ಕೂಡಲೇ ಗಡ್ಡವೂ ಉದ್ದವಾಯಿತು. ಎಲ್ಲಿಂದಲೋ ಬಂದ ಒಬ್ಬ ಯುವ ಪ್ರವಚನಕಾರನನ್ನು ಜೊತೆ ಮಾಡಿಕೊಂಡು ಒಂದು ಸಂಜೆ ಸುಲ್ತಾನಾಳ ಮನೆಗೆ ಬಂದರು.

“ನೋಡಬೇ ತಂಗಿ, ಹೆಣ್ಮಗಳ ದನಿ ಬಜಾರದಾಗ ಕೇಳೂದ ತಪ್ಪು. ಅದರಾಗ ನೀ ಮಠದ್ದು, ಗುಡೀದು ಎಲ್ಲಾ ಹೇಳ್ತಿ. ಇದು ಭಾಳ ಗುನಾ, ಪಾಪ ಆಗ್ತೈತಿ ಅಂತಾರ ಇವ್ರು.”

ಸುಲ್ತಾನಾ ಅವರಿಗೆ ಚಹಾ ಕೊಟ್ಟು, ಬಾಗಿಲ ಬಳಿ ನಿಂತೇ ಮಾತಾಡಿದಳು. “ಮಾಮಾ, ನಿಮ್ಮ ಲೇಔಟಿನ ಜಾಹೀರಾತು ಹೋದ ವರ್ಷ ನಾನೇ ಓದೀನಲ್ರಿ. ಆವಾಗ ಗುನಾ ಇರಲಿಲ್ಲೇನ್ರಿ?”

ಗುಡುಸಾಬರು ಕೆಮ್ಮಿದರು. ಮಾತು ಬದಲಿಸಿ, ಬರಲಿರುವ ಚುನಾವಣೆಗೆ ತಮ್ಮ ಪರವಾಗಿ ಓದಬೇಕೆಂದರು. ನಮ್ಮವರ ಓಟು ನಮ್ಮವರಿಗೇ ಬೀಳಬೇಕು, ಬೇರೆಯವರಿಗೆ ಹಾಕಿದವನು ಮೇಲೆ ಹೋಗಿ ಉತ್ತರ ಕೊಡಬೇಕಾದೀತು ಎಂದು ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದರು.

“ಗುಡುಸಾಬರಿಗೆ ಓಟ ಹಾಕ್ರಿ ಅಂತ ಹೇಳು ಅಂದ್ರ ಹೇಳ್ತೇನ್ರಿ. ಗಟಾರ ಕಟ್ಟಸ್ತಾರ ಅಂತ ಹೇಳು ಅಂದ್ರೂ ಹೇಳ್ತೇನಿ. ಅಲ್ಲಾನ ಹೆಸರಿಲೆ ಮಂದೀನ ಅಂಜಸಾಕ ನಾ ಹೇಳಂಗಿಲ್ಲ.”

ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಆಮೇಲೆ ಎಷ್ಟೋ ದಿನ ಓಣಿಯ ಕೆಲವು ಮನೆಗಳಲ್ಲಿ ಶಾದಿಗೆ, ಕೂಸಿನ ಅಕೀಕಾಗೆ ಸುಲ್ತಾನಾಳಿಗೆ ಕರೆ ಬರಲಿಲ್ಲ. ಕರೆ ಬರದಿದ್ದಕ್ಕಿಂತ, ಕರೆಯದವರು ಎದುರು ಸಿಕ್ಕಾಗ ಮುಖ ತಪ್ಪಿಸುವುದು ಆಕೆಗೆ ಹೆಚ್ಚು ಬೇಸರ ತರಿಸಿತು. ಆದರೂ ಆಕೆ ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ.

ಆ ವರ್ಷ ಯುಗಾದಿ ಮತ್ತು ರಂಜಾನು ಒಂದರ ಬೆನ್ನಿಗೆ ಒಂದು ಬಂದಿದ್ದವು. ಪುರಸಭೆಯ ಚುನಾವಣೆಯೂ ಅವುಗಳ ಹಿಂದೆಯೇ ಇತ್ತು. ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗುತ್ತಿದ್ದ ಒಂದು ಮಧ್ಯಾಹ್ನ ಸಂಜೀವಕುಮಾರ ಎಂಬಾತ ಅಂಗಡಿಗೆ ಬಂದ. ಗೊಬ್ಬರ, ಬೀಜದ ಅಂಗಡಿಯವನು. ಓದಿದವನು, ಮಾತಿನಲ್ಲಿ ನಯ. ಎರಡು ವರ್ಷದ ಹಿಂದೆ ಧರ್ಮ ಜಾಗೃತಿ ಬಳಗ ಎಂಬುದೊಂದನ್ನು ಕಟ್ಟಿಕೊಂಡು ಹುಡುಗರನ್ನು ಸೇರಿಸಿದ್ದ. ಈಗ ಅವನೂ ಉಮೇದುವಾರ.

ಶ್ರೀಶೈಲಪ್ಪನವರು ಕಣ್ಣಿನ ಪೊರೆ ತೆಗೆಸಿಕೊಂಡು ಕರಿ ಕನ್ನಡಕ ಹಾಕಿಕೊಂಡು ಕೂತಿದ್ದರು. ಅವರ ಕಿರಿಮಗಳು ಐಶ್ವರ್ಯ ಕಂಪ್ಯೂಟರ್ ಮುಂದಿದ್ದಳು. ರೆಕಾರ್ಡಿಂಗ್ ಎಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಸಂಜೀವಕುಮಾರ ಒಂದು ಹಾಳೆ ಚಾಚಿದ. ನಮ್ಮ ಹಬ್ಬಕ್ಕೆ ನಮ್ಮವರಲ್ಲೇ ಕೊಳ್ಳೋಣ, ಹಣ್ಣು, ಹೂವು, ಬಳೆ ಯಾವುದನ್ನೂ ಅನ್ಯಧರ್ಮೀಯರ ಬಳಿ ಕೊಳ್ಳಬೇಡಿ, ನೀವು ಕೊಟ್ಟ ರೊಕ್ಕ ನಾಳೆ ನಿಮ್ಮ ಮಕ್ಕಳಿಗೇ ಮುಳುವಾದೀತು, ಧರ್ಮ ಉಳಿಯಬೇಕಾದರೆ ಸಂಜೀವಕುಮಾರರನ್ನು ಆರಿಸಿ ತನ್ನಿ. ಐಶ್ವರ್ಯ ಮೆಲ್ಲಗೆ ಓದಿ ಹಾಳೆಯನ್ನು ಮೇಜಿನ ಮೇಲಿಟ್ಟಳು.

“ಆ ಅಕ್ಕಾರ ದನಿಯೊಳಗೇ ಬೇಕ್ರಿ ಕಾಕಾ,” ಎಂದ ಸಂಜೀವಕುಮಾರ. “ನಮ್ಮ ಹುಡುಗರು ಒದರಿದ್ರ ಮಂದಿ ಕಿವಿ ಮುಚ್ಕೋತಾರ. ಆ ಅಕ್ಕಾರು ಹೇಳಿದ್ರ ಮನ್ಯಾನ ಹೆಣ್ಮಕ್ಳು ನಂಬ್ತಾರ.”

“ಅಕಿ ಇದನ್ನ ಓದಂಗಿಲ್ಲಪಾ.”

“ಯಾಕ್ರಿ? ಬೇಕಾದ್ರ ನಾನೇ ಮಾತಾಡ್ತೇನಿ ಅವ್ರ ಜೋಡಿ.”

ಶ್ರೀಶೈಲಪ್ಪನವರು ಒಳಕೋಣೆಯತ್ತ ತಿರುಗಿ, “ಸುಲ್ತಾನಾ, ಒಂದೀಟ ಹೊರಗ ಬಾ ಮಗಳ” ಎಂದು ಕರೆದರು.

ಕೌದಿಯ ಪರದೆ ಸರಿಸಿಕೊಂಡು ಸುಲ್ತಾನಾ ಬಂದಳು. ತಲೆಯ ಮೇಲೆ ಸೆರಗು, ರೋಜಾದ ಉಪವಾಸ ಹಿಡಿದು ಒಣಗಿದ ತುಟಿ. ಸಂಜೀವಕುಮಾರ ಆಕೆಯನ್ನು ನೋಡಿ, ಆಕೆಯ ಹಿಂದೆ ಇನ್ನಾರಾದರೂ ಬರುತ್ತಾರೇನೋ ಎಂದು ಕಾಯ್ದ. ಯಾರೂ ಬರಲಿಲ್ಲ.

“ಹೇಳ್ರಿ ಅಣ್ಣಾರ,” ಎಂದಳು ಸುಲ್ತಾನಾ. ಅಷ್ಟು ಸಾಕಾಯಿತು. ತಾನು ವರ್ಷಗಟ್ಟಲೆ ಕೇಳಿದ ದನಿ ಅದೇ ಎಂದು ಅವನಿಗೆ ಗೊತ್ತಾಗಿ ಮುಖ ಕೆಂಪೇರಿತು. ಹಾಳೆಯನ್ನು ತೆಗೆದುಕೊಳ್ಳಲು ಕೈ ಚಾಚಿದ. ಅದು ಆಗಲೇ ಆಕೆಯ ಕೈಯಲ್ಲಿತ್ತು. ಸುಲ್ತಾನಾ ಪೂರ್ತಿ ಓದಿ, ಮಡಚಿ ಅವನ ಕೈಗೆ ಕೊಟ್ಟಳು.

“ನಿಮ್ಮ ತಾಯಿಯವರು ತೀರ್ಕೊಂಡಾಗ ಸುದ್ದಿ ನಾ ಓದಿದ್ದೆರಿ. ಒಳ್ಳೆ ತಾಯಿ ಅಂತ ನೀವ ಬರ್ಕೊಟ್ಟಿದ್ರಿ. ಇದನ್ನ ನಾ ಓದಂಗಿಲ್ಲ. ನೀವೂ ಓದಸಬ್ಯಾಡ್ರಿ.”

ಅವನು ಹಾಳೆಯನ್ನು ಜೇಬಿಗಿಟ್ಟುಕೊಂಡು ಹೊರಟುಹೋದ. ಮಾತು ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ಅಂದುಕೊಂಡರು.

ಯುಗಾದಿಯ ಹಿಂದಿನ ಸಂತೆ. ಸುಲ್ತಾನಾ ಇಫ್ತಾರಿಗೆ ಕೊತ್ತಂಬರಿ, ಪುದೀನಾ ಕೊಳ್ಳುತ್ತ ನಿಂತಿದ್ದಳು. ಆಕೆಯ ತಮ್ಮ ತೌಸಿಫ ಚಡಚಣದ ದ್ರಾಕ್ಷಿ ತುಂಬಿದ ತಳ್ಳುಗಾಡಿಯನ್ನು ಸ್ವಲ್ಪ ದೂರದಲ್ಲಿ ನಿಲ್ಲಿಸಿಕೊಂಡಿದ್ದ. ಯುಗಾದಿಯ ಜನ, ರೋಜಾದ ಜನ, ಎರಡೂ ಕೂಡಿ ಅವನಿಗೆ ತಕ್ಕಡಿ ಕೆಳಗಿಡಲು ಪುರಸೊತ್ತಿರಲಿಲ್ಲ. ಆಗ ಬಜಾರಿನ ಆ ತುದಿಯಿಂದ ಆಟೋ ಬಂತು. ಹಾರ್ನಿನಿಂದ ದನಿ ಬಂತು. “ಮಹಾಜನರಲ್ಲಿ ಒಂದು ವಿನಂತಿ.” ಸುಲ್ತಾನಾ ಕೊತ್ತಂಬರಿ ಆರಿಸುತ್ತಲೇ ಇದ್ದಳು, ತನ್ನದೇ ದನಿ ಕೇಳಿ ರೂಢಿಯಾದವರ ಹಾಗೆ. ಮುಂದಿನ ಮಾತು ಕಿವಿಗೆ ಬಿದ್ದಾಗ ಕೈಯೊಳಗಿನ ಕಟ್ಟು ಜಾರಿತು. ಹಣ್ಣು, ಹೂವು, ಬಳೆ. ಅನ್ಯಧರ್ಮೀಯರ ಬಳಿ ಕೊಳ್ಳಬೇಡಿ. ಅದೇ ಹಾಳೆಯ ಮಾತು. ತನ್ನದೇ ದನಿಯಲ್ಲಿ.

ಆ ಗಳಿಗೆಯ ಬಗ್ಗೆ ಆಕೆ ನನಗೆ ಹೇಳಿದ್ದು ಹೀಗೆ: “ನನ್ನ ಮೈಯಾಗ ಮತ್ಯಾರೋ ಹೊಕ್ಕು ಮಾತಾಡಿದಂಗ ಆತ್ರಿ. ಬಾಯಿ ಮುಟ್ಟಿ ನೋಡ್ಕೊಂಡೆ, ನಾ ಏನರ ಅಂದ್ನೇನು ಅಂತ.”

ಆಟೋ ತೌಸಿಫನ ಗಾಡಿಯ ಮುಂದೆಯೇ ಹಾದುಹೋಯಿತು. ದ್ರಾಕ್ಷಿ ಆರಿಸುತ್ತಿದ್ದ ಇಬ್ಬರು ಹೆಂಗಸರು ಕೈ ಹಿಂದಕ್ಕೆ ತೆಗೆದರು. ಒಬ್ಬಾಕೆ ನಾಚಿಕೊಂಡವಳ ಹಾಗೆ, “ಆಮ್ಯಾಲೆ ಬರ್ತೇನಿ” ಎಂದು ಸರಿದಳು. ತೌಸಿಫ ತಕ್ಕಡಿ ಹಿಡಿದುಕೊಂಡೇ ಅಕ್ಕನ ಕಡೆ ನೋಡಿದ.

ಆ ಸಂಜೆ ಮನೆಯಲ್ಲಿ ರೋಜಾ ಬಿಟ್ಟ ಮೇಲೂ ಯಾರೂ ಸರಿಯಾಗಿ ಉಣ್ಣಲಿಲ್ಲ. ತೌಸಿಫ ಗೋಡೆಗೆ ಒರಗಿ ಕೂತು, “ನೀ ಓದಿಲ್ಲ ಅಂತ ನನಗ ಗೊತ್ತೈತಿ ಆಪಾ. ಆದ್ರ ಊರಿಗೆ ಹೆಂಗ ಗೊತ್ತಾಗ್ಬೇಕು? ರೊಕ್ಕದ ಆಸೆಕ್ಕ ತಮ್ಮನ ಹೊಟ್ಟಿ ಮ್ಯಾಲೆ ಹೊಡದಾಳ ಅಂತ ನಮ್ಮ ಓಣ್ಯಾಗ ಆಗ್ಲೇ ಮಾತಾಡಾಕತ್ತಾರ” ಎಂದ. ಗುಡುಸಾಬರ ಕಡೆಯವರು, ನಾವು ಮೊದಲೇ ಹೇಳಿದ್ದೆವಲ್ಲ ಎಂದು ಫೋನು ಮಾಡಿದರು. ತಾಯಿ ಅಬಿದಾ ಮಾತ್ರ ಮಗಳ ಪಕ್ಕದಲ್ಲಿ ಕೂತು ಆಕೆಯ ಅಂಗೈ ತಿಕ್ಕುತ್ತಿದ್ದರು.

ಮರುದಿನ ಬೆಳಿಗ್ಗೆ ಐಶ್ವರ್ಯಳೇ ಮನೆಗೆ ಓಡಿಬಂದಳು. ಆ ಆಟೋದ ಮಾತನ್ನು ಯಾರೋ ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಹಾಕಿದ್ದರು. ಅದನ್ನು ಅವಳು ಹತ್ತಾರು ಸಲ ಕೇಳಿದ್ದಳು.

“ಅಕ್ಕಾ, ಇದು ನೀ ಅಲ್ಲ, ಮಷಿನ್ನು. ಹಳೇ ರೆಕಾರ್ಡಿಂಗಿನ ತುಣುಕು ಹಾಕಿದ್ರ ಈಗ ಯಾರ ದನಿಯೊಳಗ ಏನ ಬೇಕಾದ್ರೂ ಓದಸಾಕ ಬರ್ತೈತಿ. ಕೇಳು, ಇಷ್ಟುದ್ದ ಮಾತಿನ್ಯಾಗ ಎಲ್ಲೂ ಉಸಿರು ತಗೊಂಡಿಲ್ಲ.”

ಸುಲ್ತಾನಾ ಕಣ್ಣು ಮುಚ್ಚಿ ಕೇಳಿದಳು. ಹೌದು, ಆ ದನಿ ಉಸಿರಾಡುತ್ತಿರಲಿಲ್ಲ. ಆಕೆಗೆ ಒಂದು ರಾತ್ರಿಯ ಮೇಲೆ ಮೊದಲ ಸಲ ನಗು ಬಂತು. “ಹಂಗಾದ್ರ ನಾ ಇನ್ನೂ ಬದುಕೇನಿ ಬಿಡು” ಎಂದಳು.

ಶ್ರೀಶೈಲಪ್ಪನವರು ಇಬ್ಬರನ್ನೂ ಕರೆದುಕೊಂಡು ಠಾಣೆಗೆ ಹೋಗಿ ದೂರು ಕೊಟ್ಟರು. ಪೊಲೀಸರು ಆಟೋ ನಿಲ್ಲಿಸಿದರು. ಬಳಗದ ಹುಡುಗರು ಮೆಮೊರಿ ಕಾರ್ಡ್ ಕೊಟ್ಟರು, ನನಗೇನೂ ಗೊತ್ತಿಲ್ಲ ಎಂದು ಡ್ರೈವರು ಹೇಳಿದ. ಹುಡುಗರು ಉತ್ಸಾಹದಲ್ಲಿ ಮಾಡಿದ್ದಾರೆ, ನನಗೂ ಗೊತ್ತಿರಲಿಲ್ಲ ಎಂದು ಸಂಜೀವಕುಮಾರ ಹೇಳಿದ. ಅದು ನಿಜವೋ ಸುಳ್ಳೋ, ಆ ಕೇಸು ಇನ್ನೂ ಕೋರ್ಟಿನಲ್ಲಿದೆ. ಆದರೆ ಆಟೋ ನಿಂತರೂ ಮಾತು ನಿಲ್ಲಲಿಲ್ಲ. ಮೊಬೈಲಿನಿಂದ ಮೊಬೈಲಿಗೆ ಓಡುತ್ತಿತ್ತು, ಇಂಡಿಯಲ್ಲಿ ನನ್ನ ಮೊಬೈಲಿಗೂ ಬಂತು.

“ಪೇಪರಿನ್ಯಾಗ ಒಂದು ಪ್ರಕಟಣೆ ಕೊಡೋಣು,” ಎಂದರು ಶ್ರೀಶೈಲಪ್ಪನವರು.

“ಪೇಪರ್ ಓದೋ ಮಂದಿ ಅಲ್ರಿ ಕಾಕಾ ನನ್ನ ನಂಬೋರು. ಕಿವಿಲೆ ಕೇಳಿದ್ದಕ್ಕ ಕಿವಿಗೇ ಹೇಳ್ಬೇಕು. ನಾನೇ ಆಟೋದಾಗ ಕುಂಡರ್ತೇನಿ. ರೆಕಾರ್ಡ್ ಬ್ಯಾಡ. ಮೈಕ್ ಕೊಡ್ರಿ.”

ಐಶ್ವರ್ಯ ತಂದೆಯ ಮುಖ ನೋಡಿದಳು. ಶ್ರೀಶೈಲಪ್ಪನವರು ಕರಿ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. “ನಿಮ್ಮಪ್ಪ ಇದ್ರ ಏನಂತಿದ್ನೋ,” ಎಂದರು. “ಬ್ಯಾಡ ಅಂತಿದ್ದ. ಆಮ್ಯಾಲೆ ತಾನೂ ಬಂದು ಮಗ್ಗಲ ಕುಂಡರ್ತಿದ್ದ. ನಡಿ, ನಾ ಬರ್ತೇನಿ.”

ಪರವಾನಗಿ ಪಡೆದು ಯುಗಾದಿಯ ಹಿಂದಿನ ದಿನ ಹೊರಟರು. ಹಾರ್ನ್ ಕಟ್ಟಿದ ಆಟೋದಲ್ಲಿ ಸುಲ್ತಾನಾ, ಪಕ್ಕದಲ್ಲಿ ಕರಿ ಕನ್ನಡಕದ ಶ್ರೀಶೈಲಪ್ಪನವರು, ಹಿಂದೆ ಸ್ಕೂಟಿಯಲ್ಲಿ ಐಶ್ವರ್ಯ. ಗಂಡ ಡಿಪೋಗೆ ರಜೆ ಹಾಕಿ ಆಟೋ ತಾನೇ ಓಡಿಸುತ್ತೇನೆಂದು ಹಟ ಹಿಡಿದು ಮುಂದೆ ಕೂತಿದ್ದ. ಇಷ್ಟು ವರ್ಷ ಕೌದಿಯ ಗೋಡೆಗಳ ನಡುವೆ ಮಾತಾಡಿದವಳಿಗೆ ಜನರ ಕಣ್ಣುಗಳ ಮುಂದೆ ಮಾತಾಡುವುದು ಗೊತ್ತಿರಲಿಲ್ಲ. ರೋಜಾದಿಂದ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಬಸ್‌ಸ್ಟ್ಯಾಂಡಿನ ಮುಂದೆ ಮೈಕ್ ಚಾಲೂ ಮಾಡಿದಾಗ ಮೊದಲು ಆಕೆಯ ಉಸಿರೇ ಹಾರ್ನಿನಲ್ಲಿ ದೊಡ್ಡದಾಗಿ ಕೇಳಿಸಿತು. ಜನ ತಿರುಗಿ ನೋಡಿದರು.

“ಮಹಾಜನರಲ್ಲಿ ಒಂದು ವಿನಂತಿ. ನಾನು ಸುಲ್ತಾನಾ. ಇಬ್ರಾಹಿಂಸಾಬ ಬಾಗವಾನರ ಮಗಳು.” ಅಲ್ಲಿಯವರೆಗೆ ಅಚ್ಚಿನ ಕನ್ನಡ. ಆಮೇಲೆ ಅದು ತಪ್ಪಿ ಮನೆಯ ಮಾತು ಬಂತು. “ನೀರ ಬರಂಗಿಲ್ಲ ಅಂತ ಹೇಳಿದಾಕಿ ನಾನೇರಿ. ನಿಮ್ಮ ಮನ್ಯಾನ ಹಿರ್ಯಾರು ಹ್ವಾದಾಗ ಹೇಳಿದಾಕಿನೂ ನಾನೇ. ಮನ್ನಿ ಸಂತ್ಯಾಗ ಆಟೋದಾಗ ಕೇಳಿದ್ದು ನನ್ನ ದನಿ ಹೌದು, ನನ್ನ ಮಾತಲ್ಲ. ಮಷಿನ್ನು ನನ್ನ ದನಿ ಕದ್ದು ಮಾತಾಡೇತಿ. ಯಾರ ಅಂಗಡ್ಯಾಗ ಕೊಳ್ರಿ, ಯಾರ ಅಂಗಡ್ಯಾಗ ಬ್ಯಾಡ ಅಂತ ಹೇಳಾಕ ನಾ ಯಾರು? ಹಣ್ಣ ಚಲೋ ಇದ್ರ ತಗೋರಿ, ಕೊಳತಿದ್ರ ಬಿಡ್ರಿ. ನಮ್ಮ ತಮ್ಮಂದು ಕೊಳತಿದ್ರೂ ಬಿಡ್ರಿ.”

ಅಲ್ಲಲ್ಲಿ ನಗು ಎದ್ದಿತು. “ಇಕೀನಾ?” ಎಂದು ಒಬ್ಬರಿಗೊಬ್ಬರು ಕೇಳಿಕೊಂಡರು. ಆಟೋ ಮುಂದೆ ಹೋದಂತೆ ಮಹಡಿಗಳ ಮೇಲೆ, ಅಂಗಡಿಗಳ ಮೆಟ್ಟಿಲ ಮೇಲೆ ಹೆಂಗಸರು ನಿಂತು ಆಕೆಯನ್ನು ನೋಡಿದರು. ಎಲ್ಲರೂ ಮೆಚ್ಚಿದರೆಂದಲ್ಲ. ಒಂದು ತಿರುವಿನಲ್ಲಿ ನಾಲ್ಕೈದು ಹುಡುಗರು ಬೈಕುಗಳನ್ನು ಅಡ್ಡ ನಿಲ್ಲಿಸಿ ಘೋಷಣೆ ಕೂಗಿದರು. ಗಂಡ ಬ್ರೇಕ್ ಹಾಕಿ ಇಳಿಯಲು ಹೋದ, ಸುಲ್ತಾನಾ ಅವನ ಅಂಗಿ ಹಿಡಿದು ಕೂರಿಸಿದಳು. ಶ್ರೀಶೈಲಪ್ಪನವರು ಕನ್ನಡಕ ತೆಗೆದು ಆ ಹುಡುಗರಲ್ಲಿ ಒಬ್ಬನನ್ನು ಗುರುತಿಸಿ, “ಏ, ನೀ ಬಸಣ್ಣನ ಮೊಮ್ಮಗ ಹೌದಿಲ್ಲೋ? ನಿಮ್ಮಜ್ಜನ ಮದಿವಿಗೆ ಮೈಕ್ ಹಚ್ಚಿದಾಂವ ನಾನು. ಗಾಡಿ ತಗಿ” ಎಂದರು. ಹುಡುಗ ಗೊಣಗುತ್ತ ಬೈಕು ಸರಿಸಿದ.

ತರಕಾರಿ ಸಾಲಿನಲ್ಲಿ ಲಕ್ಕವ್ವ ಎಂಬ ಮುದುಕಿ ಬುಟ್ಟಿ ಬಿಟ್ಟು ಎದ್ದು ಆಟೋಗೆ ಅಡ್ಡ ಬಂದಳು. ಚಾಂದಕವಠೆಯಿಂದ ಸೊಪ್ಪು ತರುವವಳು.

“ನನ್ನ ಎಮ್ಮಿ ಕಳದಾಗ ಒದರಿದಾಕಿ ನೀನೇನ ಯವ್ವಾ?”

“ಯಾವ ಎಮ್ಮಿಬೇ ಅಮ್ಮಾ?”

“ಒಂದ ಕೋಡು ಮುರದದ್ದು. ಗೋಲಗೇರಿ ತನಕ ಹೋಗಿತ್ತು. ನೀ ಒದರಿದ ಮ್ಯಾಲೆ ತಂದು ಕಟ್ಟಿದ್ರು.” ಮುದುಕಿ ಎರಡೂ ಕೈಯಿಂದ ಸುಲ್ತಾನಾಳ ಗಲ್ಲ ಹಿಡಿದು, ದೃಷ್ಟಿ ತಾಗದಿರಲೆಂದು ನೆಟಿಕೆ ತೆಗೆದಳು. ಆಮೇಲೆ ತನ್ನ ತಂಬಿಗೆಯ ಮಜ್ಜಿಗೆ ಚಾಚಿದಳು. ರೋಜಾ ಇದೆ ಎಂದು ಸುಲ್ತಾನಾ ಹೇಳಿದಾಗ ಒಂದು ಕ್ಷಣ ಯೋಚಿಸಿ, “ಹಂಗಾದ್ರ ತಂಬಿಗಿ ಒಯ್ಯಿ. ಹೊತ್ತು ಮುಳುಗಿದ ಮ್ಯಾಲೆ ಕುಡಿ. ತಂಬಿಗಿ ಮುಂದಿನ ಸಂತಿಗೆ ಕೊಡಾಕಂತಿ” ಎಂದು ಆಟೋದಲ್ಲೇ ಇಟ್ಟುಬಿಟ್ಟಳು. ಆ ಸಂಜೆ ಸುಲ್ತಾನಾಳ ಮನೆಯವರು ಖರ್ಜೂರದ ಜೊತೆ ಲಕ್ಕವ್ವನ ಮಜ್ಜಿಗೆ ಕುಡಿದು ರೋಜಾ ಬಿಟ್ಟರು. ತೌಸಿಫನ ಗಾಡಿ ಖಾಲಿಯಾಗಿತ್ತು. ಅವನು ಅಕ್ಕನಿಗೆಂದು ಎತ್ತಿಟ್ಟ ಒಂದು ಗೊಂಚಲನ್ನು ತಂದು ಆಕೆಯ ಮುಂದಿಟ್ಟ.

ಇದೆಲ್ಲ ಆದ ಮೇಲೆ ಗುಡುಸಾಬರು ಮತ್ತೆ ಬಂದರು, ಈ ಸಲ ಶಾಲು ಹಿಡಿದುಕೊಂಡು. ಸುಲ್ತಾನಾ ಈಗ ಅವರ ಬಾಯಲ್ಲಿ ‘ಕೌಮಿನ ಶೇರ್ನಿ’, ಸಮಾಜದ ಹೆಣ್ಣುಸಿಂಹ ಆಗಿದ್ದಳು. ತಮ್ಮ ಪ್ರಚಾರ ಸಭೆಯಲ್ಲಿ ವೇದಿಕೆಯ ಮೇಲೆ ಬಂದು ನಾಲ್ಕು ಮಾತು ಆಡಬೇಕು, ಅವರು ನಮಗೆ ಎಂಥ ಅನ್ಯಾಯ ಮಾಡಿದರು ಎಂದು ಹೇಳಬೇಕು, ಎಂದರು.

“ಮಾಮಾ, ಹೋದ ಸಲ ನನ್ನ ದನಿ ಬಜಾರದಾಗ ಕೇಳಬಾರದು ಅಂದಿದ್ರಿ.”

“ಅದು ಬ್ಯಾರೆ, ಇದು ಬ್ಯಾರೆಬೇ.”

“ನನಗ ಎರಡೂ ಒಂದರಿ. ಅವ್ರು ನನ್ನ ದನಿ ಕದ್ರು. ನೀವು ಕೇಳಿ ಒಯ್ಯಾಕ ಬಂದೀರಿ, ಅದು ನಿಮ್ಮ ದೊಡ್ಡಸ್ತನ. ಆದ್ರ ಸಾಮಾನು ಒಂದ.” ಶಾಲನ್ನು ಆಕೆ ಗೌರವದಿಂದಲೇ ಹಿಂದಕ್ಕೆ ಕೊಟ್ಟಳು. ಅಬಿದಾ ಒಳಗೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರಂತೆ.

ಚುನಾವಣೆಯಲ್ಲಿ ಗುಡುಸಾಬರು ಸೋತರು. ಸಂಜೀವಕುಮಾರ ತನ್ನ ವಾರ್ಡಿನಲ್ಲಿ ಗೆದ್ದ, ಅಲ್ಪ ಮತಗಳಿಂದ. ಊರು ಒಂದೇ ದಿನಕ್ಕೆ ಬದಲಾಗುವುದಿಲ್ಲವಲ್ಲ. ಬಟ್ಟೆಯ ಒಂದೆರಡು ಅಂಗಡಿಯವರು ಸುಲ್ತಾನಾಳ ದನಿ ಬೇಡವೆಂದು ವಿಜಯಪುರದಲ್ಲಿ ಓದಿಸಿಕೊಳ್ಳತೊಡಗಿದರು, ಈಗಲೂ ಅಲ್ಲೇ ಓದಿಸುತ್ತಾರೆ. ಮಠದವರು ಮಾತ್ರ ಮುಂದಿನ ಪುರಾಣದ ಹಾಳೆಯನ್ನು ಸ್ವಾಮಿಗಳ ಕೈಯಿಂದಲೇ ಬರೆಸಿ ಕಳಿಸಿದರು. ಕೆಳಗೆ ‘ಓದುವವರು: ಸುಲ್ತಾನಾ ಬಾಗವಾನ’ ಎಂದು ಬರೆದಿತ್ತು. ಹೆಸರು ಬೇಡವೆಂದು ಸುಲ್ತಾನಾ, ಇರಲೇಬೇಕೆಂದು ಸ್ವಾಮಿಗಳು. ಕೊನೆಗೆ ಸ್ವಾಮಿಗಳೇ ಗೆದ್ದರು.

ಮಳೆಗಾಲ ತಡವಾದ ವರ್ಷ ಪೈಪ್‌ಲೈನ್ ಒಡೆದು ಊರಿಗೆ ನೀರಿಲ್ಲದಂತಾಯಿತು. ಸದಸ್ಯನಾಗಿದ್ದ ಸಂಜೀವಕುಮಾರನ ಮನೆಯ ಮುಂದೆ ಹೆಂಗಸರು ಕೊಡ ಹಿಡಿದು ಕೂತರು. ಟ್ಯಾಂಕರ್ ಎಲ್ಲೆಲ್ಲಿ, ಯಾವಾಗ ಬರುತ್ತದೆಂದು ಊರಿಗೆ ಹೇಳಲೇಬೇಕು. ಅವನು ಅಂಗಡಿಯ ಮುಂದೆ ಎರಡು ಸಲ ಅಡ್ಡಾಡಿ, ಮೂರನೆಯ ಸಲ ಒಳಗೆ ಬಂದ.

“ಅಕ್ಕಾರ, ನೀರಿನ ಸುದ್ದಿ ಓದ್ಬೇಕಿತ್ತು.”

ಸುಲ್ತಾನಾ ಹಾಳೆ ತೆಗೆದುಕೊಂಡಳು. ಹಿಂದಿನ ಮಾತನ್ನು ಅವನೂ ಎತ್ತಲಿಲ್ಲ, ಆಕೆಯೂ ಎತ್ತಲಿಲ್ಲ. ಹಾಳೆಯ ಮೇಲ್ತುದಿಯಲ್ಲಿ ಸನ್ಮಾನ್ಯ ಸಂಜೀವಕುಮಾರರ ಅವಿರತ ಪರಿಶ್ರಮದಿಂದ ಎಂದಿತ್ತು. ಆಕೆ ಅದರ ಮೇಲೆ ಬೆರಳಿಟ್ಟು ಕೇಳಿದಳು, “ಇದು ಬೇಕೇನ್ರಿ ಅಣ್ಣಾರ? ನೀರಿನ ಸುದ್ದಿ ಮಂದಿ ಲಗೂನ ಕೇಳಬೇಕಂತಾರ.”

ಅವನು ಹಾಳೆಯನ್ನು ನೋಡಿದ, ಆಕೆಯನ್ನು ನೋಡಿದ. “ತಗದಬಿಡ್ರಿ,” ಎಂದ. ಹೊರಗೆ ಹೋಗುವಾಗ ಬಾಗಿಲಲ್ಲಿ ನಿಂತು, “ಅವತ್ತು ತಪ್ಪಾತ್ರಿ” ಎಂದನೋ ಅಥವಾ “ತಡಾ ಆತ್ರಿ” ಎಂದನೋ ಆಕೆಗೆ ಸರಿಯಾಗಿ ಕೇಳಿಸಲಿಲ್ಲ. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಮತ್ತೆ ಕೇಳಲು ಆಕೆ ಹೋಗಲಿಲ್ಲ.

ನಾನು ಸುಲ್ತಾನಾಳನ್ನು ಕಂಡದ್ದು ಬಸವನ ಬಾಗೇವಾಡಿಯಲ್ಲಿ, ಐಶ್ವರ್ಯಳ ಮದುವೆಯಲ್ಲಿ. ವರ ನನ್ನ ಹೆಂಡತಿಯ ಅಣ್ಣನ ಮಗ. ಕಲ್ಯಾಣ ಮಂಟಪದ ಮೂಲೆಯಲ್ಲಿ ಮೈಕ್ ಹಿಡಿದು ಬೀಗರನ್ನು ಸ್ವಾಗತಿಸುತ್ತಿದ್ದ ದನಿ ಕೇಳಿ ನನ್ನ ಹೆಂಡತಿ ಕುರ್ಚಿಯಿಂದ ಎದ್ದೇಬಿಟ್ಟಳು. “ನಮ್ಮ ನೀರಿನ ಅಕ್ಕಾರು!” ಎಂದು ಹೋಗಿ ಆಕೆಯ ಕೈ ಹಿಡಿದುಕೊಂಡಳು. ಊಟದ ಪಂಕ್ತಿಯಲ್ಲಿ ಮೂವರೂ ಒಟ್ಟಿಗೆ ಕೂತೆವು. ಈ ಕಥೆಯೆಲ್ಲ ಆಗ ಬಂತು, ಸ್ವಲ್ಪ ಆಕೆಯ ಬಾಯಿಂದ, ಹೆಚ್ಚು ಪಕ್ಕದಲ್ಲಿ ಕೂತ ಶ್ರೀಶೈಲಪ್ಪನವರ ಬಾಯಿಂದ.

ಈಗ ಹೇಗಿದೆ ಎಂದು ನಾನು ಕೇಳಿದೆ. ಆಕೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, “ಛಲೋ ಐತ್ರಿ. ಒಂದ ತ್ರಾಸ ಏನಂದ್ರ, ಮೊದಲ ಸಂತಿಗೆ ಹೋಗಿ ಲಗೂನ ಬರ್ತಿದ್ದೆ. ಈಗ ಎಲ್ಲಾರಿಗೂ ಮುಖ ಗೊತ್ತಾಗೇತಿ. ಕೊತ್ತಂಬರಿ ತರಾಕ ಹ್ವಾದ್ರ ಒಬ್ಬಾಕಿ ಮಗಳ ಬಾಣಂತನ ಹೇಳ್ತಾಳ, ಇನ್ನೊಬ್ಬಾಕಿ ಸೊಸಿ ಜಗಳ ಹೇಳ್ತಾಳ. ಮನಿ ಮುಟ್ಟೂದ್ರಾಗ ಕೊತ್ತಂಬರಿ ಬಾಡಿರ್ತೈತಿ” ಎಂದಳು. ದೂರಿನ ಮಾತಾದರೂ ಮುಖದ ತುಂಬ ಸಂತೋಷವಿತ್ತು.

ಅಷ್ಟರಲ್ಲಿ ಹುಡುಗಿಯ ಕಡೆಯ ಒಬ್ಬರು ಓಡಿಬಂದು ಆಕೆಯ ಕಿವಿಯಲ್ಲಿ ಏನೋ ಹೇಳಿದರು. ಸುಲ್ತಾನಾ ಎಡಗೈಯಲ್ಲಿ ಮೈಕ್ ತರಿಸಿಕೊಂಡು, ಎಲೆಯ ಮುಂದೆ ಕೂತೇ, ತುಂಬಿದ ಬಾಯಿಯನ್ನು ನುಂಗಿ ಖಾಲಿ ಮಾಡಿ, ಅಚ್ಚಿನ ಕನ್ನಡದಲ್ಲಿ, “ಮಂಟಪದ ಹೆಬ್ಬಾಗಿಲ ಮುಂದೆ ಬಿಳಿ ಕಾರು ನಿಲ್ಲಿಸಿರುವ ಬೀಗರು ದಯವಿಟ್ಟು ಅದನ್ನು ಸರಿಸಬೇಕಾಗಿ ವಿನಂತಿ. ಬ್ಯಾಂಡಿನವರು ಹೊರಗೇ ನಿಂತಿದ್ದಾರೆ” ಎಂದಳು.

ಬೀಗರ ಸಾಲಿನಲ್ಲಿ ನಾಲ್ವರು ಎಂಜಲು ಕೈಯಲ್ಲೇ ಒಟ್ಟಿಗೆ ಎದ್ದು ನಿಂತರು.